ಬಗ್ಗಡ

ನಮ್ಮ ಸಾಗರ ಸೀಮೆಯ ಹವ್ಯಕ ಮಾತಿನಲ್ಲಿ ‘ಬಗ್ಗಡ’ ಅಂದರೆ ಬಗ್ಗಬೇಡ ಅಂತ. ಬೇರೆ ಕಡೆಯವರಿಗೆ ಈ ಶಬ್ದ ಕೇಳಿದೊಡನೆ ಕದಡಿದ ನೀರು ನೆನಪಾದೀತು. ನಮ್ಮ ಮನೆಯಲ್ಲಿ 2024ರ ಆಗಸ್ಟ್‌ನಿಂದ ಆ ವರ್ಷ ಮುಗಿಯುವವರೆಗೂ ದಿನಕ್ಕೆ ಇಪ್ಪತ್ತು ಸಲ ಕೇಳಿಬರುತ್ತಿದ್ದ ಮಾತು ಇದು. ಚಮಚ ಬಿದ್ದರೆ ಬಗ್ಗಡ. ಚಪ್ಪಲಿ ಹುಡುಕಿದರೆ ಬಗ್ಗಡ. ದೇವರ ಮುಂದೆ ಕೈಮುಗಿದು ನಿಂತಾಗಲೂ ಹಿಂದಿನಿಂದ ಅತ್ತೆಯ ದನಿ: ‘ನಿಂತ್ಕಂಡೇ ಸಾಕು, ಬಗ್ಗಡ ಕೂಸೇ.’

ಎಡತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಎಂಬ ಸ್ನಾಯು ಬುಡದಿಂದಲೇ ಕಿತ್ತುಹೋಗಿ, ಅದನ್ನು ಮತ್ತೆ ಮೂಳೆಗೆ ಹೊಲಿಸಿಕೊಂಡು ಈಗ ಹತ್ತಿರ ಹತ್ತಿರ ಒಂದು ವರ್ಷ. ಮಲಗಿದ್ದ ದಿನಗಳಲ್ಲಿ ಇದರ ಬಗ್ಗೆ ಕನ್ನಡದಲ್ಲಿ ಏನಾದರೂ ಓದಲು ಸಿಗುತ್ತದೆಯೇ ಎಂದು ಹುಡುಕಿ ಸೋತಿದ್ದೆ. ಇಂಗ್ಲಿಷಿನಲ್ಲಿ ಸಿಕ್ಕಿದ್ದು ಬಹಳ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಅದೆಲ್ಲ ಓಡುವವರಿಗೆ, ನೀರಿನ ಮೇಲೆ ಸ್ಕೀ ಮಾಡುವವರಿಗೆ, ಕುರ್ಚಿಯಲ್ಲಿ ಕೂತು ಉಣ್ಣುವವರಿಗೆ ಬರೆದದ್ದು. ನೆಲದಲ್ಲಿ ಕೂತು, ನೆಲಕ್ಕೆ ಬಗ್ಗಿ ಬದುಕುವವರು ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲ. ಇನ್ನೊಬ್ಬರು ಹಾಗೆ ಹುಡುಕುವಾಗ ಒಂದಾದರೂ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಜಾರಿದ್ದು ಅಂಗಳದಲ್ಲಿ. ಮಲೆನಾಡಿನ ಮಳೆಗಾಲದ ಅಂಗಳ ನೋಡದವರಿಗೆ ಸ್ವಲ್ಪ ಹೇಳಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಹದಿನೈದು ದಿನದಲ್ಲಿ ಅಂಗಳಕ್ಕೆ ಹಾವಸೆ ಕಟ್ಟುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಿಲ್ಲುವುದೂ ಕಷ್ಟ. ಅದಕ್ಕಾಗಿ ಅಡಿಕೆ ಮರ ಸೀಳಿ ದಬ್ಬೆ ಮಾಡಿ, ಜಗುಲಿಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಕಟ್ಟೆಗೆ ಹಾಸಿಡುತ್ತೇವೆ. ನಾಲ್ಕು ತಿಂಗಳು ದಬ್ಬೆಯ ಮೇಲೇ ಓಡಾಟ. ಅವತ್ತು ಬೆಳಗ್ಗೆ ಲಡ್ಡಾದ ಒಂದು ದಬ್ಬೆಯನ್ನು ಇವರು ತೆಗೆದು ಬದಿಗಿಟ್ಟಿದ್ದರು, ಹೊಸದು ಹಾಕುವುದರೊಳಗೆ ತೋಟದಿಂದ ಕರೆ ಬಂತು. ನಾನು ಅಕ್ಕಚ್ಚಿನ ಬಕೆಟ್ ಹಿಡಿದು ಕೊಟ್ಟಿಗೆಗೆ ಹೊರಟೆ. ಎಡಗಾಲು ಆ ಖಾಲಿ ಜಾಗದಲ್ಲಿ ಬಿತ್ತು. ಕಾಲು ನೆಟ್ಟಗೆ ಮುಂದೆ ಹೋಯಿತು, ಬಕೆಟ್ಟಿನ ಭಾರಕ್ಕೆ ಮೈ ಮುಂದಕ್ಕೆ ಬಾಗಿತು. ಕುಂಡೆಯ ಕೆಳಗೆಲ್ಲೋ ಹಸಿ ಬಳ್ಳಿ ಎಳೆದು ಹರಿದ ಹಾಗೆ ಒಂದು ಸದ್ದು. ಕಿವಿಗೆ ಕೇಳಿತೋ ಮೈಗೆ ಕೇಳಿತೋ ಇವತ್ತಿಗೂ ಹೇಳಲಾರೆ.

ಮೊಣಕಾಲು ನೆಟ್ಟಗಿರುವಾಗ ಸೊಂಟ ತಟಕ್ಕನೆ ಮುಂದಕ್ಕೆ ಮಡಚಿಕೊಳ್ಳುವುದು: ಹ್ಯಾಮ್‌ಸ್ಟ್ರಿಂಗ್ ಬುಡದಿಂದ ಕೀಳುವುದಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ ಎಂದು ಆಮೇಲೆ ಸರ್ಜನ್ ಹೇಳಿದರು. ವಾಟರ್ ಸ್ಕೀಯಿಂಗ್ ಮಾಡುವವರಿಗೆ ದೋಣಿ ಎಳೆದಾಗ ಆಗುವುದೂ ಇದೇ, ಒದ್ದೆ ನೆಲದಲ್ಲಿ ಕಾಲು ಸೀಳಿ ಬಿದ್ದ ನಡುವಯಸ್ಸಿನವರಿಗೆ ಆಗುವುದೂ ಇದೇ.

ಮೊದಲು ನೋಡಿದ ಕಡೆ ಎಕ್ಸ್‌ರೇ ತೆಗೆದರು. ಮೂಳೆ ಸರಿಯಿದೆ, ಉಳುಕಿರಬೇಕು, ಹದಿನೈದು ದಿನ ವಿಶ್ರಾಂತಿ ಅಂದರು. ಸ್ನಾಯುವಾಗಲಿ ಅದನ್ನು ಮೂಳೆಗೆ ಕಟ್ಟುವ ಟೆಂಡನ್ ಆಗಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ನಾಲ್ಕನೇ ದಿನ ತೊಡೆಯ ಹಿಂಬದಿಯಿಂದ ಮೊಣಕಾಲಿನ ಹಿಂದಿನವರೆಗೆ ನೇರಳೆ ಹಣ್ಣಿನ ಬಣ್ಣದ ರಕ್ತ ಇಳಿಯಿತು. ಪರಿಚಯದವರೊಬ್ಬರು ಎಣ್ಣೆ ಕಾಸಿ ತಿಕ್ಕಿದರು. ಅವರದು ಒಳ್ಳೆಯ ಮನಸ್ಸು, ಆದರೆ ಆ ತಿಕ್ಕಾಟ ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. ಕೂರಲು ಆಗುತ್ತಿರಲಿಲ್ಲ. ಬೋರಲು ಮಲಗಿ ಹಿಮ್ಮಡಿ ಎತ್ತಲು ಹೋದರೆ ಕಾಲು ನನ್ನದೇ ಅಲ್ಲ ಎಂಬಂತೆ ನಡುಗುತ್ತಿತ್ತು. ನಾಲ್ಕು ವಾರ ಹೀಗೇ ಹೋಯಿತು. ಕಡೆಗೆ ಮಗ ರಜೆಗೆ ಬಂದವನು ನನ್ನ ನಡಿಗೆ ನೋಡಿ, ಹಟ ಹಿಡಿದು ಬೆಂಗಳೂರಿಗೆ ಕರೆದೊಯ್ದು ಎಂಆರ್‌ಐ ಮಾಡಿಸಿದ.

ಇದನ್ನು ಓದುವವರಲ್ಲಿ ಯಾರಿಗಾದರೂ ಜಾರಿದಾಗ ಹೀಗೆ ಹರಿದ ಸದ್ದಾಗಿದ್ದರೆ, ತೊಡೆಯ ಹಿಂದೆ ರಕ್ತ ಇಳಿದಿದ್ದರೆ, ಕೂತಾಗ ಆ ಮೂಳೆಯ ಮೇಲೆ ನೋವಿದ್ದರೆ ದಯವಿಟ್ಟು ಕಾಯಬೇಡಿ. ಎಂಆರ್‌ಐ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಮೊದಲ ಎರಡು ಮೂರು ವಾರದಲ್ಲಾದರೆ ಹರಿದ ತುದಿ ಸಿಕ್ಕುವುದು ಸುಲಭ. ತಡವಾದಷ್ಟೂ ಅದು ಕೆಳಕ್ಕೆ ಸರಿದು, ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಕಲೆಗಟ್ಟುತ್ತದೆ. ನನ್ನದು ಐದು ಸೆಂಟಿಮೀಟರಿಗಿಂತ ಹೆಚ್ಚು ಕೆಳಗೆ ಹೋಗಿತ್ತು.

ಊರಿನಲ್ಲಿ ಸುದ್ದಿ ಹಬ್ಬಿದ್ದು ‘ಅವಳ ನರ ತುಂಡಾಗಿದೆಯಂತೆ’ ಎಂದು. ನಮ್ಮ ಆಡುಮಾತಿನಲ್ಲಿ ನರ ಅಂದರೆ ಎಲ್ಲವೂ. ಮಿದುಳಿನಿಂದ ಬರುವ ನರವೂ ನರ, ರಕ್ತನಾಳವೂ ನರ, ಸ್ನಾಯುವನ್ನು ಮೂಳೆಗೆ ಬಿಗಿದ ಹುರಿಯೂ ನರ. ಪುಸ್ತಕದ ಕನ್ನಡದಲ್ಲಿ ಈ ಹುರಿಗೆ ಸ್ನಾಯುರಜ್ಜು ಎಂಬ ಶಬ್ದವಿದೆ, ಆದರೆ ಅದು ಯಾರ ಬಾಯಲ್ಲೂ ಇಲ್ಲ. ನರ ತುಂಡಾದರೆ ಕಾಲು ಹೋಯಿತೆಂದೇ ಲೆಕ್ಕ. ನೋಡಲು ಬಂದವರೆಲ್ಲ ನನ್ನ ಕಾಲ್ಬೆರಳು ಅಲ್ಲಾಡುತ್ತದೆಯೇ ಎಂದು ಕಣ್ಣಂಚಿನಲ್ಲಿ ನೋಡುತ್ತಿದ್ದರು. ಅತ್ತೆ ರಾತ್ರಿ ಒಬ್ಬರೇ ಅಳುತ್ತಿದ್ದರೆಂದು ತಿಳಿದದ್ದು ಬಹಳ ತಡವಾಗಿ.

ಅವರಿಗೆ ಅರ್ಥ ಮಾಡಿಸಬೇಕಾಗಿ ಬಂದದ್ದರಿಂದ ನನಗೂ ಅರ್ಥವಾಯಿತು. ನಾವು ಕೂತಾಗ ನೆಲಕ್ಕೆ ಒತ್ತುವ ಎರಡು ಗುಬಟು ಮೂಳೆಗಳಿವೆಯಲ್ಲ, ಹ್ಯಾಮ್‌ಸ್ಟ್ರಿಂಗ್ ಹುಟ್ಟುವುದು ಅಲ್ಲಿಂದ. ಮೂರು ಸ್ನಾಯುಗಳ ಗುಂಪು ಅದು: ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್, ಬೈಸೆಪ್ಸ್ ಫೆಮೋರಿಸ್. ಇವುಗಳಲ್ಲಿ ಎರಡಕ್ಕೆ ಒಂದೇ ಬುಡ, ಮೂರನೆಯದಕ್ಕೆ ಪಕ್ಕದಲ್ಲೇ ಬೇರೆ ಬುಡ. ಮೂರೂ ತೊಡೆಯ ಹಿಂದೆ ಇಳಿದು ಮೊಣಕಾಲು ದಾಟಿ ಕೆಳಗಿನ ಮೂಳೆಗಳಿಗೆ ಅಂಟುತ್ತವೆ. ಮೊಣಕಾಲು ಮಡಚುವುದು ಇವು, ಬಗ್ಗಿದ ಮೈಯನ್ನು ಮೇಲೆತ್ತಿ ನಿಲ್ಲಿಸುವುದರಲ್ಲೂ ಇವುಗಳ ಪಾಲು ದೊಡ್ಡದು. ಬೈಸೆಪ್ಸ್‌ನ ಒಂದು ಚಿಕ್ಕ ಕವಲು ಮಾತ್ರ ತೊಡೆಮೂಳೆಯಿಂದಲೇ ಹೊರಡುತ್ತದೆ. ಬುಡವೆಲ್ಲ ಕಿತ್ತಮೇಲೂ ನಾನು ಹೇಗೋ ಕಾಲೆಳೆದು ನಡೆಯುತ್ತಿದ್ದೆನಲ್ಲ, ಮೊಣಕಾಲು ಮಡಚಲು ಅಷ್ಟಿಷ್ಟು ಆಸರೆಯಾಗಿ ಉಳಿದದ್ದು ಆ ಕವಲು. ಇವೆಲ್ಲದರ ಪಕ್ಕದಲ್ಲಿ, ಬೆರಳಗಲದ ದೂರದಲ್ಲಿ, ಸಯಾಟಿಕ್ ನರ ಹಾದುಹೋಗುತ್ತದೆ. ಅದು ನಿಜವಾದ ನರ, ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ತಡವಾದದ್ದರಿಂದ ನನ್ನ ಆ ನರದ ಸುತ್ತಲೂ ಕಲೆಗಟ್ಟಿತ್ತು. ಸರ್ಜನ್ ಮೊದಲು ಅದನ್ನು ಬಿಡಿಸಿಕೊಳ್ಳಬೇಕಾಯಿತು.

ಶಸ್ತ್ರಚಿಕಿತ್ಸೆ ಆಗಸ್ಟ್ ಮೂರನೇ ವಾರ. ಬೋರಲು ಮಲಗಿಸಿ, ಕುಂಡೆ ಮುಗಿದು ತೊಡೆ ಶುರುವಾಗುವ ಮಡಿಕೆಯಲ್ಲೇ ಕೊಯ್ದು, ಮೂಳೆಗೆ ಆಂಕರ್ ಎಂಬ ಸಣ್ಣ ಗೂಟಗಳನ್ನು ಹೊಡೆದು, ಅವುಗಳ ದಾರದಿಂದ ಟೆಂಡನ್ ಎಳೆದು ಬಿಗಿದರು. ಇದನ್ನು ಅತ್ತೆಗೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು: ‘ದಾರ ಎಷ್ಟ್ ದಿನ ತಡೀತು?’

ಅತ್ತೆಗೆ 74. ನಲವತ್ತು ಮಳೆಗಾಲ ತೋಟದಲ್ಲಿ ಕಾಳುಮೆಣಸಿನ ಬಳ್ಳಿ ಕಟ್ಟಿದವರು. ಬಳ್ಳಿಯನ್ನು ಅಡಿಕೆ ಮರಕ್ಕೆ ಆನಿಸಿ ಬಾಳೆಪಟ್ಟೆಯಲ್ಲಿ ಕಟ್ಟುತ್ತೇವೆ. ಕಟ್ಟು ಹಿಡಿದುಕೊಂಡಿರುವಷ್ಟರಲ್ಲಿ ಗೆಣ್ಣಿನಿಂದ ಬೇರು ಬಿಟ್ಟು ಬಳ್ಳಿ ತಾನೇ ಮರವನ್ನು ಅಪ್ಪಬೇಕು. ಬೇರು ಹಿಡಿಯುವ ಮೊದಲು ಯಾರಾದರೂ ಬಳ್ಳಿ ಜಗ್ಗಿದರೆ ಮುಗಿಯಿತು, ಮತ್ತೆ ಕಟ್ಟಿದರೂ ಮೊದಲಿನ ಹಾಗೆ ಅಪ್ಪುವುದಿಲ್ಲ. ಸರ್ಜನ್ ಅರ್ಧ ಗಂಟೆ ವಿವರಿಸಿದ್ದೂ ಇದನ್ನೇ. ದಾರ ಇರುವುದು ಕಾಲ ಕೊಡಲಿಕ್ಕೆ. ಟೆಂಡನ್ನಿಗೆ ರಕ್ತದ ಓಡಾಟ ಕಡಿಮೆ, ಅದು ಮೂಳೆಗೆ ಬೆಸೆಯುವುದು ಬಹಳ ನಿಧಾನ. ನೋವು ಹೋಗುವುದು ಬೇಗ, ಬೆಸುಗೆ ಗಟ್ಟಿಯಾಗುವುದು ತಡ. ನೋವಿಲ್ಲ, ಆದರೆ ಗಟ್ಟಿಯೂ ಆಗಿಲ್ಲ ಎಂಬ ನಡುವಿನ ತಿಂಗಳುಗಳೇ ಅಪಾಯದವು.

ಮೊದಲ ಆರು ವಾರ ಮೊಣಕಾಲು ಪೂರ್ತಿ ನೆಟ್ಟಗಾಗದ ಹಾಗೆ ಬ್ರೇಸ್. ಎರಡು ಊರುಗೋಲು. ಎಡಪಾದ ನೆಲ ಮುಟ್ಟಬಹುದು, ಭಾರ ಬೀಳಬಾರದು. ಕೂರುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ಔಷಧಿ, ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸುವ ಅಭ್ಯಾಸ. ಈ ಕಾಲಾಡಿಸುವುದು ಏನು ಮಹಾ ಎಂದುಕೊಂಡಿದ್ದೆ. ಮಲಗಿದಲ್ಲೇ ಇರುವವರ ಮೀನಖಂಡದಲ್ಲಿ ರಕ್ತ ನಿಂತು ಗಟ್ಟಿಯಾದರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ಎಂದು ನರ್ಸ್ ಹೇಳಿದ ಮೇಲೆ ಒಂದು ಗಂಟೆಯೂ ತಪ್ಪಿಸಲಿಲ್ಲ.

ಬೆಂಗಳೂರಿನಿಂದ ಮನೆಗೆ ಬಂದದ್ದು ತಾಳಗುಪ್ಪದ ರಾತ್ರಿ ರೈಲಿನಲ್ಲಿ. ಕಾರಿನಲ್ಲಿ ಅಷ್ಟು ದೂರ ಕೂತು ಬರುವುದು ಸಾಧ್ಯವಿರಲಿಲ್ಲ, ರೈಲಿನಲ್ಲಾದರೆ ಕೆಳಗಿನ ಬರ್ತಿನಲ್ಲಿ ಬೋರಲು ಮಲಗಬಹುದು. ಸಾಗರ ಜಂಬಗಾರು ನಿಲ್ದಾಣದಲ್ಲಿ ಬೆಳಗಿನ ಮಂಜಿನಲ್ಲಿ ಇಳಿದಾಗ ಇವರು, ಮಗ, ಒಬ್ಬ ಅಪರಿಚಿತ ಸಹಪ್ರಯಾಣಿಕ ಮೂವರೂ ಸೇರಿ ನನ್ನನ್ನು ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿದರು. ಆ ಪ್ರಯಾಣಿಕರ ಹೆಸರು ಕೇಳುವಷ್ಟರಲ್ಲಿ ರೈಲು ಹೊರಟಿತ್ತು.

ಮನೆಯೊಳಗೆ ಕಾಲಿಟ್ಟ ಕ್ಷಣ ಗೊತ್ತಾಯಿತು, ನಮ್ಮ ಮನೆಯಲ್ಲಿ ಎಲ್ಲವೂ ನೆಲದಲ್ಲಿದೆ. ಪಾಯಿಖಾನೆ ನೆಲದಲ್ಲಿ. ಊಟ ಮಣೆಯ ಮೇಲೆ. ಈಳಿಗೆ ಮಣೆ, ಒರಳು, ಬಚ್ಚಲ ಒಲೆ, ದೇವರ ಪೀಠ, ಅಕ್ಕಿ ಡಬ್ಬ, ಎಲ್ಲವೂ ಮೊಣಕಾಲಿನ ಕೆಳಗೆ. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ‘ಎತ್ತರದ ಕುರ್ಚಿ ಬಳಸಿ’, ‘ಕಾರಿಗೆ ಹತ್ತುವಾಗ ಹೀಗೆ ಹತ್ತಿ’ ಎಂದಿತ್ತು. ಕುಕ್ಕರಗಾಲಿನಲ್ಲಿ ಕೂರುವುದು ಯಾವ ವಾರದಿಂದ ಎಂದಿರಲಿಲ್ಲ. ಪಕ್ಕದ ಊರಿನಿಂದ ಒಬ್ಬರು ತಮ್ಮ ತಾಯಿ ಬಳಸುತ್ತಿದ್ದ ಕಮೋಡ್ ಕುರ್ಚಿ ತಂದುಕೊಟ್ಟರು. ಅದನ್ನೂ ಇಟ್ಟಿಗೆ ಕೊಟ್ಟು ಎತ್ತರಿಸಿ, ಎಡಗಾಲು ಮುಂದೆ ಚಾಚದೆ, ಮುಂದಕ್ಕೆ ಬಾಗದೆ, ಬಲಗುಂಡೆಯ ಮೇಲೆ ಭಾರ ಹಾಕಿ ಅಂಚಿನಲ್ಲಿ ಕೂರಬೇಕಿತ್ತು. ಆ ದಿನಗಳಲ್ಲಿ ನನ್ನನ್ನು ಸ್ನಾನ ಮಾಡಿಸಿದ್ದು ಅತ್ತೆ. ಮದುವೆಯಾಗಿ ಬಂದಾಗಿನಿಂದ ಅವರ ಸೇವೆ ಮುಂದೊಂದು ದಿನ ನನ್ನ ಪಾಲಿನದು ಎಂದುಕೊಂಡಿದ್ದವಳು ನಾನು. ಅವರು ಬೆನ್ನಿಗೆ ಬಿಸಿನೀರು ಹೊಯ್ಯುವಾಗ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದೆ. ಇಬ್ಬರಿಗೂ ಮಾತು ಬರುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಮೂರು ವಾರಕ್ಕೆ ಚೌತಿ. ಚೌತಿಗೆ ಮೊದಲು ನಮ್ಮಲ್ಲಿ ಚಕ್ಕುಲಿ ಕಂಬಳ ನಡೆಯುತ್ತದೆ. ಕೇರಿಯವರೆಲ್ಲ ಒಂದು ಮನೆಯಲ್ಲಿ ಸೇರಿ ನೆಲಕ್ಕೆ ಬಟ್ಟೆ ಹಾಸಿ, ಸುತ್ತ ಕೂತು ಕೈಯಲ್ಲೇ ಹಿಟ್ಟು ಹೊಸೆದು ಚಕ್ಕುಲಿ ಸುತ್ತುತ್ತಾರೆ. ಆ ವರ್ಷ ನಮ್ಮ ಮನೆಯ ಸರದಿ. ಒಳಗಿನ ಕೋಣೆಯಲ್ಲಿ ಬೋರಲು ಮಲಗಿ ನಗು, ಮಾತು, ಎಣ್ಣೆ ಚುಯ್ಯೆನ್ನುವ ಸದ್ದು ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇವರು ಬಂದು ಮಂಚದ ತಲೆಭಾಗಕ್ಕೆ ಒಂದು ಹಲಗೆ ಆನಿಸಿ, ಬಟ್ಟೆ ಹಾಸಿ, ಹಿಟ್ಟಿನ ಉಂಡೆ ಇಟ್ಟು ಹೋದರು. ಮೊಣಕೈ ಊರಿ ಮಲಗಿದಲ್ಲೇ ಹನ್ನೊಂದು ಚಕ್ಕುಲಿ ಸುತ್ತಿದೆ. ಎಣಿಸಿದ್ದು ನೆನಪಿದೆ.

ಆ ವಾರಗಳಲ್ಲಿ ಯೋಚಿಸಲು ಸಮಯ ಬಹಳ ಇತ್ತು. ಯೋಚಿಸುತ್ತ ಒಂದು ವಿಷಯ ಹೊಳೆಯಿತು. ನನಗೆ ನಿಷೇಧವಾಗಿದ್ದದ್ದು ಒಂದೇ ಒಂದು ಚಲನೆ: ಕಾಲು ನೆಟ್ಟಗಿಟ್ಟು ಸೊಂಟದಿಂದ ಮುಂದಕ್ಕೆ ಬಗ್ಗುವುದು. ನಮ್ಮ ಹೆಂಗಸರ ದಿನವೆಲ್ಲ ಆ ಒಂದೇ ಚಲನೆಯ ಮೇಲೆ ನಿಂತಿದೆ. ಬೆಳಗ್ಗೆ ಎದ್ದು ಅಂಗಳ ಗುಡಿಸುವುದು ಹಾಗೆ. ರಂಗೋಲಿ ಎಳೆಯುವುದು ಹಾಗೆ. ಸಗಣಿ ಬಾಚುವುದು, ಬಟ್ಟೆ ಒಗೆಯುವ ಕಲ್ಲಿಗೆ ಬಾಗುವುದು, ಗದ್ದೆಯಲ್ಲಿ ನಾಟಿ ಮಾಡುವುದು, ತೋಟದಲ್ಲಿ ಉದುರಡಿಕೆ ಹೆಕ್ಕುವುದು, ಎಲ್ಲವೂ ಹಾಗೆ. ನಾಟಿಗೆ ಬರುವ ಹೆಂಗಸರು ಬೆಳಗಿನಿಂದ ಸಂಜೆವರೆಗೆ ಮೊಣಕಾಲು ಮಡಚದೆ ಸೊಂಟದಿಂದ ಬಾಗಿಯೇ ಇರುತ್ತಾರೆ, ನೀರು ಕುಡಿಯಲು ಮಾತ್ರ ನೆಟ್ಟಗಾಗುತ್ತಾರೆ. ಅವರ ತೊಡೆಯ ಹಿಂಬದಿಯಲ್ಲಿರುವ ಬಲವನ್ನು ಯಾವ ಜಿಮ್ ಕೊಡುತ್ತದೆ? ಅದನ್ನು ಬಲ ಎಂದು ಯಾರೂ ಯಾವತ್ತೂ ಕರೆದಿಲ್ಲ. ಕೂಲಿ ಲೆಕ್ಕ ಹಾಕುವಾಗಲೂ ಕರೆಯುವುದಿಲ್ಲ. ನಾನೂ ಕರೆದಿರಲಿಲ್ಲ, ಅದು ನನ್ನ ಮೈಯಿಂದ ಹೋಗುವವರೆಗೆ.

ಆರು ವಾರಕ್ಕೆ ಬ್ರೇಸ್ ತೆಗೆದರು. ಕಾಲು ನೋಡಿ ಗಾಬರಿಯಾಯಿತು. ತೊಡೆ ತೆಳ್ಳಗಾಗಿ ಚರ್ಮ ಜೋತಿತ್ತು, ಮೀನಖಂಡ ಅರ್ಧಕ್ಕಿಳಿದಿತ್ತು. ಒಂದು ಊರುಗೋಲು ಬಿಟ್ಟು ನಡೆಯುವುದು, ಆಮೇಲೆ ಎರಡನ್ನೂ ಬಿಡುವುದು. ಹಿಮ್ಮಡಿಯನ್ನು ಹಾಸಿಗೆಗೆ ಮೆಲ್ಲಗೆ ಒತ್ತಿ ಐದು ಎಣಿಸುವುದು, ಅದರಲ್ಲಿ ಕಾಲು ಅಲುಗುವುದೇ ಇಲ್ಲ, ಸ್ನಾಯು ಮಾತ್ರ ಬಿಗಿಯಾಗುತ್ತದೆ. ಅಷ್ಟು ಸಣ್ಣ ಕೆಲಸಕ್ಕೆ ಹಣೆಯಲ್ಲಿ ಬೆವರು. ಸಾಗರದ ಫಿಸಿಯೋ ಚಿಕ್ಕ ವಯಸ್ಸಿನ ಹುಡುಗಿ, ಮೊದಮೊದಲು ಮೇಡಂ ಅನ್ನುತ್ತಿದ್ದವಳು ಎರಡನೇ ವಾರಕ್ಕೆ ಅಕ್ಕಾ ಅನ್ನತೊಡಗಿದಳು. ಹಟ ಮಾಡಿ ಹೆಚ್ಚು ಎಣಿಸಲು ಹೋದರೆ ಕೈ ಹಿಡಿದು ನಿಲ್ಲಿಸುತ್ತಿದ್ದಳು. ‘ಅಕ್ಕಾ, ಇವತ್ತು ಮಾಡಿದ್ದು ನಾಳೆ ಬೆಳಗ್ಗೆ ಕಾಲು ಏನು ಹೇಳತ್ತೆ ನೋಡಿ, ಆಮೇಲೆ ಜಾಸ್ತಿ ಮಾಡೋಣ.’ ಈಗಲೂ ನಾನು ನಡೆಯುವುದು ಇದೇ ಲೆಕ್ಕದಲ್ಲಿ. ಆ ಹೊತ್ತಿನ ನೋವಿಗಿಂತ ಮಾರನೇ ದಿನದ ಬಿಗಿತವೇ ನಿಜವಾದ ವರದಿ.

ಒಂಬತ್ತನೇ ವಾರ ಒಂದು ಘಟನೆ. ಜಗುಲಿಯ ಮೆಟ್ಟಿಲು ಇಳಿಯುವಾಗ ಬೆಕ್ಕು ಕಾಲಿಗೆ ಅಡ್ಡ ಬಂತು. ಬೀಳಲಿಲ್ಲ, ಆದರೆ ಎಡಗಾಲು ಒಂದು ಮೆಟ್ಟಿಲು ತಪ್ಪಿ ಕೆಳಗೆ ಊರಿತು. ತೊಡೆಯ ಬುಡದಲ್ಲಿ ಚುಳುಕ್. ಅಲ್ಲೇ ಕಂಬ ಹಿಡಿದು ನಿಂತೆ. ಮತ್ತೆ ಮೊದಲಿನಿಂದ ಎಂಬ ಒಂದೇ ಯೋಚನೆ. ಮತ್ತೆ ಬೆಂಗಳೂರು, ಮತ್ತೆ ಬೋರಲು, ಮತ್ತೆ ಅತ್ತೆಯ ಕೈಯ ಬಿಸಿನೀರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಅಲ್ಟ್ರಾಸೌಂಡ್ ಮಾಡಿಸಿದೆವು, ಹೊಲಿಗೆ ಹಾಕಿದ ಜಾಗ ಗಟ್ಟಿಯಾಗಿಯೇ ಇತ್ತು. ಆದರೂ ಮುಂದಿನ ಹತ್ತು ದಿನ ಮಂಚ ಬಿಟ್ಟು ಇಳಿಯಲು ಮನಸ್ಸಾಗಲಿಲ್ಲ. ಭಯ ಬಂದರೆ ಕಾಲು ತಾನಾಗಿ ಬಿಗಿಯುತ್ತದೆ, ಬಿಗಿದ ಕಾಲು ಇನ್ನಷ್ಟು ಎಡವುತ್ತದೆ. ಫಿಸಿಯೋ ಮನೆಗೇ ಬಂದಳು. ಅದೇ ಮೆಟ್ಟಿಲಿನ ಬಳಿ ನಿಲ್ಲಿಸಿ, ನನ್ನ ಸೊಂಟಕ್ಕೆ ಕೈಯಿಟ್ಟು, ಮೂವತ್ತು ಸಲ ಹತ್ತಿಸಿ ಇಳಿಸಿದಳು. ಆವತ್ತು ನನ್ನ ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಂಚ ಬಿಟ್ಟು ಇಳಿದೆ, ಅಷ್ಟು ನಿಜ.

ಮಗನಿಗೆ ಕ್ರಿಕೆಟ್, ಫುಟ್‌ಬಾಲ್ ಎರಡೂ ಹುಚ್ಚು. ಧೈರ್ಯ ಹೇಳಲು ಅವನು ಆಟಗಾರರ ಕತೆ ತರುತ್ತಿದ್ದ. ಆಗ ಬಾರ್ಸಿಲೋನಾ ಫುಟ್‌ಬಾಲ್ ತಂಡದಲ್ಲಿದ್ದ ಡೆಂಬೆಲೆ 2017ರ ಸೆಪ್ಟೆಂಬರ್‌ನಲ್ಲಿ ಹಿಮ್ಮಡಿಯಿಂದ ಚೆಂಡು ತಳ್ಳಲು ಹೋಗಿ ಇದೇ ಬೈಸೆಪ್ಸ್ ಫೆಮೋರಿಸ್‌ನ ಟೆಂಡನ್ ಹರಿದುಕೊಂಡದ್ದು, ಫಿನ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಜನವರಿಯಲ್ಲಿ ಮೈದಾನಕ್ಕೆ ಬಂದದ್ದು. ಆಗ ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದ ಡಿ ಬ್ರೂಯ್ನ 2023ರ ಆಗಸ್ಟ್‌ನಲ್ಲಿ ಗಾಯವಾಗಿ ಹೊರಗೆ ಹೋಗಿ 2024ರ ಜನವರಿಗೆ ಮರಳಿದ್ದು. ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪಳಗಿ, ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಎದುರು ಔಟಾಗದೆ 111 ಹೊಡೆದದ್ದನ್ನು ಅವನು ಮೊಬೈಲಿನಲ್ಲಿ ಎಷ್ಟು ಸಲ ತೋರಿಸಿದನೋ. ಕೇಳುವಾಗ ಹುರುಪಾಗುತ್ತಿತ್ತು, ಆಮೇಲೆ ಕುಗ್ಗುತ್ತಿದ್ದೆ. ಅವರಿಗೆ ನಾಲ್ಕೈದು ತಿಂಗಳು ಸಾಕಾಯಿತು, ನಾಲ್ಕನೇ ತಿಂಗಳಿಗೂ ನಾನು ಮಣೆಯ ಮೇಲೆ ಕೂತಿಲ್ಲ.

ಆದರೆ ಇಂಗ್ಲೆಂಡಿನ ಕ್ರಿಕೆಟಿಗ ಬೆನ್ ಸ್ಟೋಕ್ಸ್ ಕತೆ ನನ್ನೊಳಗೆ ಬೇರೆ ತರಹ ಕೂತಿತು. ನಾನು ಆಪರೇಷನ್ ಮಾಡಿಸಿಕೊಂಡ ಅದೇ ಆಗಸ್ಟ್‌ನಲ್ಲಿ ಅವರ ಎಡ ಹ್ಯಾಮ್‌ಸ್ಟ್ರಿಂಗ್ ಹರಿದಿತ್ತು. ಅಕ್ಟೋಬರಿಗೆ ಆಟಕ್ಕೆ ಮರಳಿದರು. ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್ ಟೆಸ್ಟಿನಲ್ಲಿ ಅದೇ ಜಾಗ ಮತ್ತೆ ಹರಿಯಿತು, 2025ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸುದ್ದಿ ಓದಿದ ದಿನ ನಾನು ಬಚ್ಚಲ ಮನೆಯಲ್ಲಿ ಊರುಗೋಲಿಲ್ಲದೆ ನಿಂತು ನೀರು ಹೊಯ್ದುಕೊಳ್ಳುತ್ತಿದ್ದವಳು. ಜಗತ್ತಿನ ಅತಿ ಒಳ್ಳೆಯ ವೈದ್ಯರು, ತರಬೇತುದಾರರು ಸುತ್ತ ಇರುವ ಮೈಗೂ ಹೀಗಾಗುತ್ತದೆ ಎಂದು ತಿಳಿದಾಗ ನನ್ನ ನಿಧಾನದ ಬಗ್ಗೆ ನನಗಿದ್ದ ನಾಚಿಕೆ ಹೋಯಿತು. ಅವರು ಮೇ ತಿಂಗಳಲ್ಲಿ ಮತ್ತೆ ಟೆಸ್ಟ್ ಆಡಲು ಇಳಿದಾಗ, ಕ್ರಿಕೆಟ್ಟಿನ ನಿಯಮ ಸರಿಯಾಗಿ ಬಾರದ ನಾನೂ ಟೀವಿ ಮುಂದೆ ನಿಂತು ನೋಡಿದೆ. ಅವರು ಓಡುವುದನ್ನಷ್ಟೇ ನೋಡಿದೆ.

ನಾಲ್ಕನೇ ತಿಂಗಳು ಮುಗಿಯುವ ಹೊತ್ತಿಗೆ ಫಿಸಿಯೋ ಕೇಳಿದ ಪ್ರಶ್ನೆ ಮುಖ್ಯವಾದದ್ದು. ‘ಅಕ್ಕಾ, ನೀವು ಮತ್ತೆ ಏನು ಮಾಡೋ ಹಾಗಾಗಬೇಕು?’ ನಾನು ಹೇಳಿದೆ, ಅಡಿಕೆ ಸುಲಿಯಬೇಕು. ಅವಳು ಬಯಲುಸೀಮೆಯವಳು, ಮೆಟ್ಟುಗತ್ತಿ ನೋಡಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಹಲಗೆಯ ಮೇಲೆ ಕೂತು, ಎದುರಿಗೆ ನಿಂತ ಕತ್ತಿಗೆ ಒಂದೊಂದೇ ಕಾಯಿ ಒತ್ತಿ ಸಿಪ್ಪೆ ಬಿಡಿಸುವುದು, ಗಂಟೆಗಟ್ಟಲೆ. ಈಗ ಸುಲಿಯುವ ಯಂತ್ರ ಬಂದಿದೆ ನಿಜ. ಆದರೂ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ರಾಶಿಯ ಸುತ್ತ ಹತ್ತು ಹೆಂಗಸರು ಕೂತು ಆಡುವ ಮಾತುಕತೆ ನನಗೆ ಬೇಕಿತ್ತು. ಅವಳು ವಿಡಿಯೋವನ್ನು ಮೂರು ಸಲ ನೋಡಿದಳು. ಕೂರುವ ಮೂಳೆ ನೇರ ಹಲಗೆಯ ಮೇಲೆ, ಸೊಂಟ ಮುಂದಕ್ಕೆ, ಕಾಲು ಚಾಚಿ. ‘ಇದೇ ನಿಮ್ಮ ಕ್ರಿಕೆಟ್ ಮ್ಯಾಚು,’ ಅಂದಳು. ಅವತ್ತಿನಿಂದ ಹಾಳೆಯಲ್ಲಿದ್ದ ಕ್ರಮ ಬಿಟ್ಟು, ಆ ಕೂರುವಿಕೆಯ ಕಡೆಗೆ ಹೋಗುವ ಕ್ರಮ ಬರೆದುಕೊಟ್ಟಳು.

ಮೊದಲ ಪಾಠ ಬಗ್ಗುವುದು. ಇಷ್ಟು ತಿಂಗಳು ನಿಷೇಧವಾಗಿದ್ದ ಅದೇ ಚಲನೆ ಈಗ ಔಷಧಿ. ರೊಮೇನಿಯನ್ ಡೆಡ್‌ಲಿಫ್ಟ್ ಎಂದು ಅದರ ಹೆಸರು. ಮೊಣಕಾಲು ಸ್ವಲ್ಪ ಸಡಿಲ, ಬೆನ್ನು ನೆಟ್ಟಗೆ, ಸೊಂಟವನ್ನು ಹಿಂದಕ್ಕೆ ದೂಡುತ್ತ ಮುಂದಕ್ಕೆ ಬಾಗಿ, ತೊಡೆಯ ಹಿಂದೆ ಎಳೆತ ಸಿಕ್ಕಿದಲ್ಲಿ ನಿಂತು, ಮೇಲೆ ಬರುವುದು. ಮೊದಲ ದಿನ ಕೈಯಲ್ಲಿ ಏನೂ ಇಲ್ಲ. ಆಮೇಲೆ ಎರಡು ಲೀಟರಿನ ನೀರಿನ ಬಾಟಲಿ. ಆಮೇಲೆ ಐದು ಕಿಲೋ ಅಕ್ಕಿ ಚೀಲ. ಮೊದಲ ಸಲ ಬಾಗಿದಾಗ ಅಡುಗೆಮನೆಯಿಂದ ಅಭ್ಯಾಸಬಲದಿಂದ ಕೂಗು ಬಂತು, ‘ಬಗ್ಗಡ!’ ಬಗ್ಗಲಿಕ್ಕೇ ಹೇಳಿದ್ದಾರೆ ಅತ್ತೆ ಎಂದೆ. ಅವರು ಸೌಟು ಹಿಡಿದು ಬಾಗಿಲಲ್ಲಿ ನಿಂತು ಹತ್ತೂ ಸಲ ನೋಡಿದರು. ಮಾರನೆಯ ದಿನದಿಂದ ಎಣಿಸುವ ಕೆಲಸ ಅವರದಾಯಿತು. ಎಂಟು ಆದ ಮೇಲೆ ಒಂಬತ್ತು ಅನ್ನುವ ಮೊದಲು ಸ್ವಲ್ಪ ತಡೆಯುತ್ತಿದ್ದರು, ನನಗೆ ಉಸಿರು ಬರಲಿ ಎಂದು.

ಆರನೇ ತಿಂಗಳಿಗೆ ಬೆಂಗಳೂರಿನಲ್ಲಿ ಯಂತ್ರದ ಮೇಲೆ ಎರಡೂ ಕಾಲಿನ ಬಲ ಅಳೆದರು. ಬಲಗಾಲಿಗೆ ಹೋಲಿಸಿದರೆ ಎಡದ್ದು ನೂರಕ್ಕೆ 78. ತೊಂಬತ್ತು ದಾಟಿದರೆ ಸಾಮಾನ್ಯವಾಗಿ ಆಟಗಾರರನ್ನು ಮೈದಾನಕ್ಕೆ ಬಿಡುತ್ತಾರಂತೆ. ಒಂಬತ್ತನೇ ತಿಂಗಳಲ್ಲಿ ನನ್ನದು 91 ಆಯಿತು. ಒಂದು ಕಾಲು ಎತ್ತಿ ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು, ಎಲಾಸ್ಟಿಕ್ ಪಟ್ಟಿ ಕಟ್ಟಿ ಹಿಮ್ಮಡಿ ಎಳೆಯುವುದು ಇತ್ಯಾದಿ ಇನ್ನೂ ವಾರಕ್ಕೆ ಮೂರು ದಿನ ನಡೆದಿದೆ. ಅವುಗಳ ವಿವರ ಇಲ್ಲಿ ಬೇಡ. ನಿಮ್ಮ ಗಾಯ ನನ್ನದರ ಹಾಗೆ ಇರುವುದಿಲ್ಲ, ನಿಮ್ಮ ಕ್ರಮವನ್ನು ನಿಮ್ಮ ಕಾಲು ನೋಡಿದವರೇ ಬರೆಯಬೇಕು. ಅವರ ಮುಂದೆ ನಿಮ್ಮ ಮನೆಯ ನೆಲ, ಒಲೆ, ಪಾಯಿಖಾನೆ, ನಿಮ್ಮ ದುಡಿಮೆ ಎಲ್ಲವನ್ನೂ ಬಿಚ್ಚಿ ಹೇಳಿ. ಸಾಧ್ಯವಾದರೆ ವಿಡಿಯೋ ತೋರಿಸಿ. ಕೇಳದೆ ಇದ್ದರೂ ಹೇಳಿ.

ಜನವರಿ ಕೊನೆಯ ವಾರ, ಕೊಯ್ಲು ಮುಗಿಯುತ್ತ ಬಂದಿತ್ತು. ಕಂಬಳಿ ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿ, ಮೆಟ್ಟುಗತ್ತಿಯ ಹಿಂದೆ ಕೂತೆ. ಹತ್ತು ನಿಮಿಷ. ಮೂಳೆಯ ಕೆಳಗೆ ಉರಿ ಹತ್ತಿತು, ಎದ್ದು ನಿಂತೆ. ಹತ್ತು ನಿಮಿಷದಲ್ಲಿ ಸುಲಿದ ಅಡಿಕೆ ಒಂದು ಸಣ್ಣ ಬಟ್ಟಲು ತುಂಬಿತ್ತು. ಪಕ್ಕದವರು ಅದನ್ನು ರಾಶಿಗೆ ಸುರಿಯದೆ ಬೇರೆಯೇ ಇಟ್ಟರು. ಅತ್ತೆ ಮಾರನೆಯ ದಿನ ಅದನ್ನು ಬೇಯಿಸಿ ಒಣಗಿಸಿ, ಎಲೆಅಡಿಕೆಯ ಕವಳದ ಡಬ್ಬಿಗೆ ಹಾಕಿಕೊಂಡರು.

ಈಗಲೂ ಬಸ್ಸಿನಲ್ಲಿ ಶಿವಮೊಗ್ಗದವರೆಗೆ ಕೂತರೆ ಎಡಗಡೆ ಜೋಮು ಹಿಡಿಯುತ್ತದೆ. ಮಳೆ ಥಂಡಿಗೆ ಹೊಲಿಗೆಯ ಜಾಗ ಬಿಗಿಯುತ್ತದೆ. ಚಕ್ಕಳಮಕ್ಕಳ ಹಾಕಿ ಒಂದು ಊಟ ಮುಗಿಸಬಲ್ಲೆ, ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸದವರೆಗೆ ಕಾಯಲಾರೆ. ಕುಕ್ಕರಗಾಲು ಬರುತ್ತದೆ, ಎದ್ದೇಳಲು ಗೋಡೆ ಬೇಕು.

ಈ ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಇವರೂ ನಾನೂ ಸೇರಿ ಅಂಗಳಕ್ಕೆ ದಬ್ಬೆ ಹಾಸಿದೆವು. ಹೋದ ವರ್ಷದ್ದು ಒಂದನ್ನೂ ಉಳಿಸಿಕೊಳ್ಳಲಿಲ್ಲ. ಅವರು ಒಂದು ತುದಿ ಹಿಡಿದರು, ನಾನು ಇನ್ನೊಂದು. ಸೊಂಟ ಹಿಂದಕ್ಕೆ ದೂಡಿ, ಬೆನ್ನು ನೆಟ್ಟಗಿಟ್ಟು, ಕಲಿಸಿದ ಹಾಗೆಯೇ ಬಗ್ಗಿ ಇಳಿಸಿದೆ. ಜಗುಲಿಯ ಮೇಲೆ ಕೂತಿದ್ದ ಅತ್ತೆ ಗಟ್ಟಿಯಾಗಿ ಎಣಿಸುತ್ತಿದ್ದರು. ಕೊಟ್ಟಿಗೆಯ ಬಾಗಿಲಿಗೆ ಮುಟ್ಟುವಾಗ ಹದಿನೇಳು.